ರಂಗಪರದೆ ಚಿತ್ರಕಲೆ: ಗುಬ್ಬಿ–ತುಮಕೂರು ಸೀಮೆಯ ಪರಂಪರೆ

ರಂಗಪರದೆ ಚಿತ್ರಕಲೆ ಎಂದರೆ ನಾಟಕದ ಸ್ಥಳ, ಕಾಲ ಮತ್ತು ಭಾವವನ್ನು ತೋರುವ ದೃಶ್ಯವನ್ನು ದೊಡ್ಡ ಅಳತೆಯ ಬಟ್ಟೆಯ ಮೇಲೆ ಬರೆದು, ರಂಗದ ಹಿನ್ನೆಲೆಯಾಗಿ ಇಳಿಬಿಡುವ ಕಲೆ. ಕರ್ನಾಟಕದಲ್ಲಿ ಇದು 19ನೇ ಶತಮಾನದ ಕೊನೆಯ ದಶಕಗಳಲ್ಲಿ ವೃತ್ತಿ ನಾಟಕ ಕಂಪನಿಗಳ ಜೊತೆಗೇ ಬೆಳೆಯಿತು. 1884ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಈ ಕಲೆಗೆ ದೊಡ್ಡ ಆಶ್ರಯ ನೀಡಿದ ಸಂಸ್ಥೆಗಳಲ್ಲಿ ಒಂದು. ಪರದೆಯ ಚಿತ್ರಕಾರ ನಾಟಕದ ಪಠ್ಯ, ಪುರಾಣ, ಅಚ್ಚಿನ ಚಿತ್ರಗಳು, ಅರಮನೆ ಮತ್ತು ದೇಗುಲಗಳ ಕಟ್ಟಡ, ಸುತ್ತಲಿನ ನೆಲ ಇವುಗಳಿಂದ ಪ್ರೇರಣೆ ಪಡೆಯುತ್ತಾನೆ. ಆದರೆ ಅವನ ಚಿತ್ರಕ್ಕೆ ಅಂತಿಮ ರೂಪ ಕೊಡುವುದು ರಂಗದ ನಿಯಮಗಳು: ದೀಪದ ಬೆಳಕು, ಪ್ರೇಕ್ಷಕರ ದೂರ, ಮುಂದೆ ನಿಲ್ಲುವ ನಟ ಮತ್ತು ಊರಿಂದೂರಿಗೆ ಸಾಗುವ ಪ್ರಯಾಣ.

ಪರಿಭಾಷೆ

ಕಂಪನಿ ನಾಟಕದ ವಲಯದಲ್ಲಿ ಚಿತ್ರ ಬರೆದ ಬಟ್ಟೆಗೆ ಪರದೆ ಎಂದೂ ಅದರ ಮೇಲಿನ ದೃಶ್ಯಕ್ಕೆ ಸೀನು ಎಂದೂ ಹೆಸರು. ಬಳಕೆಯಲ್ಲಿ ಇವೆರಡೂ ಒಂದರ ಬದಲು ಒಂದು ಬರುತ್ತವೆ. ಒಂದು ನಾಟಕಕ್ಕೆ ಬೇಕಾಗುವ ಎಲ್ಲ ಪರದೆ, ಪಕ್ಕದ ತಡಿಕೆ ಮತ್ತು ಝಾಲರುಗಳ ಒಟ್ಟು ಕಟ್ಟು ಸೀನರಿ. ಪ್ರೇಕ್ಷಕರ ಎದುರಿಗಿದ್ದು ನಾಟಕದ ಆರಂಭದಲ್ಲಿ ಏಳುವ, ಅಂಕ ಮುಗಿದಾಗ ಬೀಳುವ ಪರದೆ ಅಂಕದ ಪರದೆ. ರಂಗದ ಎರಡು ಬದಿಗೆ ಸಾಲಾಗಿ ನಿಂತು ನಟರ ಪ್ರವೇಶ ಮತ್ತು ನಿರ್ಗಮನಗಳನ್ನು ಮರೆಮಾಡುವ ಕಿರಿದಾದ ಪಟ್ಟಿಗಳು ಸೈಡ್‌ವಿಂಗ್‌ಗಳು. ಮೇಲಿನ ಹಗ್ಗ, ಗಳ ಮತ್ತು ದೀಪಗಳನ್ನು ಮುಚ್ಚುವ ಅಡ್ಡಪಟ್ಟಿ ಝಾಲರು. ಇವನ್ನು ಬರೆಯುವವರನ್ನು ಪೇಂಟರ್ ಎಂದೇ ಕರೆಯುವುದು ರೂಢಿ. ಈ ಲೇಖನದಲ್ಲಿ ಚಿತ್ರಕಾರ ಎಂಬ ಪದ ಅವರನ್ನೇ ಸೂಚಿಸುತ್ತದೆ.

ಹುಟ್ಟು ಮತ್ತು ಹಿನ್ನೆಲೆ

ಕನ್ನಡ ನಾಡಿನ ಹಳೆಯ ಬಯಲಾಟಗಳಲ್ಲಿ ಚಿತ್ರ ಬರೆದ ಹಿನ್ನೆಲೆ ಇರಲಿಲ್ಲ. ಯಕ್ಷಗಾನ ಮತ್ತು ಮೂಡಲಪಾಯಗಳಲ್ಲಿ ಇಬ್ಬರು ಹಿಡಿದು ನಿಲ್ಲುವ ತೆರೆ ಪಾತ್ರದ ಪ್ರವೇಶವನ್ನು ಮರೆಮಾಡಲು ಮಾತ್ರ ಬಳಕೆಯಾಗುತ್ತಿತ್ತು. ಸ್ಥಳದ ಕಲ್ಪನೆಯನ್ನು ಭಾಗವತರ ಹಾಡು ಮತ್ತು ಪಾತ್ರಧಾರಿಯ ಮಾತು ಕಟ್ಟಿಕೊಡುತ್ತಿದ್ದವು.

ಚಿತ್ರಿತ ಪರದೆ ಬಂದದ್ದು ಎರಡು ದಾರಿಯಿಂದ. ಮೊದಲನೆಯದು ಮರಾಠಿ ರಂಗಭೂಮಿ. ಉತ್ತರ ಕನ್ನಡದ ಭಾಗವತರ ಆಟದಿಂದ ಸ್ಫೂರ್ತಿ ಪಡೆದು ವಿಷ್ಣುದಾಸ ಭಾವೆ 1843ರಲ್ಲಿ ಸಾಂಗ್ಲಿಯಲ್ಲಿ ಆರಂಭಿಸಿದ ನಾಟಕ ಪರಂಪರೆ ಮುಂದಿನ ದಶಕಗಳಲ್ಲಿ ಚೌಕಟ್ಟಿನ ರಂಗವನ್ನು ರೂಢಿಸಿಕೊಂಡು ಕರ್ನಾಟಕದ ಊರುಗಳಿಗೆ ಮರಳಿ ಬಂತು. ಎರಡನೆಯದು ಮುಂಬೈಯ ಪಾರ್ಸಿ ನಾಟಕ ಕಂಪನಿಗಳು. ಯುರೋಪಿನ ರಂಗಸಜ್ಜಿಕೆಯಿಂದ ಯಥಾದೃಷ್ಟಿ (ದೂರದ ವಸ್ತು ಕಿರಿದಾಗಿ ಕಾಣುವಂತೆ ಬರೆಯುವ ಕ್ರಮ), ಸುರುಳಿ ಪರದೆ ಮತ್ತು ಯಂತ್ರಚಾಲಿತ ದೃಶ್ಯಗಳನ್ನು ಎತ್ತಿಕೊಂಡಿದ್ದ ಈ ಕಂಪನಿಗಳು 19ನೇ ಶತಮಾನದ ಉತ್ತರಾರ್ಧದಲ್ಲಿ ಮೈಸೂರು ಸಂಸ್ಥಾನದಲ್ಲಿಯೂ ಪ್ರದರ್ಶನ ನೀಡಿದವು. 1880ರ ದಶಕದ ಆರಂಭದಲ್ಲಿ ಚಾಮರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನಲ್ಲಿ ಶ್ರೀ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭಾ ರೂಪುಗೊಂಡಿತು. ಆ ಬಳಿಕ ಎ. ವಿ. ವರದಾಚಾರ್ಯರ ರತ್ನಾವಳಿ ನಾಟಕ ಸಭಾ, ಗದುಗಿನ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಮೊದಲಾದ ತಂಡಗಳು ಪರದೆಯನ್ನು ಕನ್ನಡ ರಂಗದ ಅವಿಭಾಜ್ಯ ಅಂಗವಾಗಿಸಿದವು.

ನೆರೆಯ ಪ್ರದೇಶಗಳಲ್ಲಿಯೂ ಇದೇ ಕಾಲದಲ್ಲಿ ಈ ವೃತ್ತಿ ಬೆಳೆಯಿತು. ಕೊಲ್ಹಾಪುರದ ಆನಂದರಾವ್ ಪೇಂಟರ್ ಮತ್ತು ಬಾಬುರಾವ್ ಪೇಂಟರ್ ಮರಾಠಿ ಸಂಗೀತ ನಾಟಕಗಳಿಗೆ ಪರದೆ ಬರೆದು ಹೆಸರಾದರು. ಬಾಬುರಾವ್ ಮುಂದೆ ಚಲನಚಿತ್ರ ನಿರ್ದೇಶಕರಾದರು. ತಮಿಳುನಾಡಿನ ಕೋವಿಲ್ಪಟ್ಟಿಯ ಕ್ಯಾಲೆಂಡರ್ ಚಿತ್ರಶೈಲಿಗೆ ಅಡಿಪಾಯ ಹಾಕಿದ ಸಿ. ಕೊಂಡಯ್ಯ ರಾಜು ಕೂಡ ಸಂಚಾರಿ ನಾಟಕ ಕಂಪನಿಗೆ ಪರದೆ ಬರೆಯುತ್ತಿದ್ದವರು.

ಗುಬ್ಬಿ ಕಂಪನಿ

ಗುಬ್ಬಿ ಪಟ್ಟಣ ತುಮಕೂರು ನಗರದಿಂದ ಪಶ್ಚಿಮಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿದೆ. ಊರಿನ ಆರಾಧ್ಯ ದೈವ ಗೋಸಲ ಚನ್ನಬಸವೇಶ್ವರನ ಹೆಸರನ್ನೇ ಕಂಪನಿಗೆ ಇಡಲಾಯಿತು. ಸ್ಥಾಪಕರಲ್ಲಿ ಚಂದಣ್ಣ ಮತ್ತು ಅಬ್ದುಲ್ ಅಜೀಜ್ ಸಾಹೇಬರು ಪ್ರಮುಖರು. ಬಾಲನಟನಾಗಿ ಸೇರಿದ ಜಿ. ಎಚ್. ವೀರಣ್ಣ (1891–1972) 1917ರ ಹೊತ್ತಿಗೆ ಕಂಪನಿಯ ಒಡೆತನ ವಹಿಸಿಕೊಂಡು, ಮುಂದೆ ಗುಬ್ಬಿ ವೀರಣ್ಣ ಎಂದೇ ಪ್ರಸಿದ್ಧರಾದರು. ಅವರ ಆತ್ಮಕಥೆ ‘ಕಲೆಯೇ ಕಾಯಕ’.

ವೀರಣ್ಣನವರ ಕಾಲದಲ್ಲಿ ದೃಶ್ಯವೈಭವ ಕಂಪನಿಯ ಹೆಗ್ಗುರುತಾಯಿತು. ತುಮಕೂರು ತಾಲ್ಲೂಕಿನ ಬೆಳ್ಳಾವೆಯವರಾದ ನಾಟಕಕಾರ ಬೆಳ್ಳಾವೆ ನರಹರಿ ಶಾಸ್ತ್ರಿಗಳು (1882–1961) ಕಂಪನಿಗೆ ಪೌರಾಣಿಕ ನಾಟಕಗಳನ್ನು ಬರೆದುಕೊಟ್ಟರು. ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ 1930ರ ದಶಕದಲ್ಲಿ ಆನೆ, ಕುದುರೆ, ರಥಗಳನ್ನು ರಂಗಕ್ಕೆ ತಂದ ಪ್ರದರ್ಶನವಾಗಿ ಹೆಸರಾಯಿತು. ಅಂಥ ನಾಟಕದಲ್ಲಿ ಪರದೆಯ ಹೊಣೆ ಹೆಚ್ಚು. ಜೀವಂತ ಪ್ರಾಣಿ ಮತ್ತು ನಿಜವಾದ ರಥದ ಹಿಂದೆ ಚಿತ್ರಿತ ರಣಭೂಮಿ ಹೊಂದಿಕೊಳ್ಳಬೇಕಾದರೆ ಕ್ಷಿತಿಜದ ಎತ್ತರ, ದೂರದ ಸೇನೆಯ ಗಾತ್ರ ಮತ್ತು ನೆಲದ ಬಣ್ಣ ಮೂರೂ ರಂಗಕ್ಕೆ ತಾಳೆಯಾಗಬೇಕು.

1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರಿನ ಮೂಲಕ ಪಶ್ಚಿಮಕ್ಕೆ ಹಾದ ರೈಲುದಾರಿ ಗುಬ್ಬಿಯನ್ನೂ ಮುಟ್ಟಿತು. ಕಂಪನಿಗಳಿಗೆ ಪರದೆಯ ಸುರುಳಿ, ಮರದ ಚೌಕಟ್ಟು ಮತ್ತು ಪೆಟ್ಟಿಗೆಗಳನ್ನು ದೂರದ ಊರುಗಳಿಗೆ ಸಾಗಿಸಲು ರೈಲು ಸುಲಭ ಸಾಧನವಾಯಿತು. ಎತ್ತಿನ ಗಾಡಿಯಲ್ಲಿ ಸಾಗಿಸಲಾಗದಷ್ಟು ದೊಡ್ಡ ಸೀನರಿ ಕಟ್ಟಿಕೊಳ್ಳಲು ಇದರಿಂದ ಅವಕಾಶವಾಯಿತು.

ಪ್ರೇರಣೆಯ ಮೂಲಗಳು

ನಾಟಕದ ಪಠ್ಯ ಮತ್ತು ಪುರಾಣ: ಚಿತ್ರಕಾರನ ಕೆಲಸ ನಾಟಕದ ಓದಿನಿಂದ ಆರಂಭವಾಗುತ್ತದೆ. ಯಾವ ದೃಶ್ಯದಲ್ಲಿ ಯಾರು ಬರುತ್ತಾರೆ, ಹಗಲೋ ಇರುಳೋ, ಮುಂದಿನ ದೃಶ್ಯಕ್ಕೆ ಎಷ್ಟು ಬೇಗ ಬದಲಾಗಬೇಕು ಎಂಬುದು ಪಠ್ಯದಿಂದ ತಿಳಿಯುತ್ತದೆ. ಕೈಲಾಸ, ವೈಕುಂಠ, ಇಂದ್ರಸಭೆ, ಅಶೋಕವನಗಳಂಥ ಕಾಣದ ಸ್ಥಳಗಳಿಗೆ ಪುರಾಣದ ವರ್ಣನೆಯೇ ಆಧಾರ. ಹಳ್ಳಿಗಳಲ್ಲಿ ನಡೆಯುವ ಗಮಕವಾಚನ ಮತ್ತು ಹರಿಕಥೆಗಳ ಮೂಲಕ ಈ ವರ್ಣನೆಗಳು ಓದುಬರಹ ಬಾರದವರಿಗೂ ಪರಿಚಿತ. ಆದ್ದರಿಂದ ಪ್ರೇಕ್ಷಕರ ಮನಸ್ಸಿನಲ್ಲಿ ಈಗಾಗಲೇ ಇರುವ ಚಿತ್ರಕ್ಕೆ ಪರದೆ ಸರಿಹೊಂದಬೇಕಾಗುತ್ತದೆ.

ಅಚ್ಚಿನ ಚಿತ್ರಗಳು: ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಆರಂಭಿಸಿದ ಕಲ್ಲಚ್ಚಿನ ಮುದ್ರಣಾಲಯದಿಂದ ದೇವತೆಗಳ ಮತ್ತು ಪುರಾಣಪ್ರಸಂಗಗಳ ಬಣ್ಣದ ಚಿತ್ರಗಳು ದೇಶದ ಮನೆಮನೆಗೆ ತಲುಪಿದವು. ಲಕ್ಷ್ಮಿ ನಿಂತ ತಾವರೆಕೊಳ, ಶಕುಂತಲೆಯ ಆಶ್ರಮ, ಗಂಗಾವತರಣದ ಹಿಮಗಿರಿ ಇವು ಪರದೆಯ ಚಿತ್ರಕಾರರಿಗೆ ಸಿದ್ಧ ಮಾದರಿಗಳಾದವು. ಕೈಯಗಲದ ಅಚ್ಚಿನ ಚಿತ್ರವನ್ನು ಚೌಕಳಿ ಹಾಕಿ ಇಡೀ ರಂಗದ ಅಗಲಕ್ಕೆ ಹಿಗ್ಗಿಸುವುದು ಈ ವೃತ್ತಿಯ ಮೂಲಭೂತ ಕೌಶಲಗಳಲ್ಲಿ ಒಂದು. ಮುಂದೆ ಕ್ಯಾಲೆಂಡರ್ ಚಿತ್ರಗಳು, ಅಂಚೆ ಕಾರ್ಡಿನ ಭೂದೃಶ್ಯಗಳು ಮತ್ತು ಚಲನಚಿತ್ರದ ಭಿತ್ತಿಪತ್ರಗಳು ಈ ಸಾಲಿಗೆ ಸೇರಿದವು.

ಅರಮನೆ ಮತ್ತು ಮೈಸೂರು ಚಿತ್ರಶೈಲಿ: ಮೈಸೂರು ಅರಮನೆಯ ಆಸ್ಥಾನ ಚಿತ್ರಕಾರರ ಪರಂಪರೆ ಸಂಸ್ಥಾನದ ಕಲೆಯ ಮುಖ್ಯ ಕೇಂದ್ರವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕೋರಿಕೆಯಂತೆ ರವಿವರ್ಮ ತಮ್ಮ ಕೊನೆಯ ವರ್ಷಗಳಲ್ಲಿ ಬರೆದ 9 ಪೌರಾಣಿಕ ಚಿತ್ರಗಳು ಮೈಸೂರಿಗೆ ಸೇರಿದವು. 1897ರ ಬೆಂಕಿ ಅನಾಹುತದ ನಂತರ ಹೊಸದಾಗಿ ಕಟ್ಟಿ 1912ರಲ್ಲಿ ಮುಗಿದ ಅಂಬಾವಿಲಾಸ ಅರಮನೆಯ ದರ್ಬಾರು ಸಭಾಂಗಣ, ಅದರ ಬಣ್ಣದ ಕಂಬಸಾಲು ಮತ್ತು ಬಳ್ಳಿ ಅಂಚಿನ ಕಮಾನುಗಳು ಹಳೆ ಮೈಸೂರು ಭಾಗದ ದರ್ಬಾರು ಸೀನುಗಳಲ್ಲಿ ಎದ್ದು ಕಾಣುತ್ತವೆ. ಹಸ್ತಿನಾವತಿಯ ಆಸ್ಥಾನವೂ ಲಂಕೆಯ ಸಭೆಯೂ ಇದೇ ಕಮಾನುಗಳ ಕೆಳಗೆ ನಡೆಯುವುದು ಕಂಪನಿ ನಾಟಕದಲ್ಲಿ ಒಪ್ಪಿತ ಸಂಪ್ರದಾಯ. 1913ರಲ್ಲಿ ಬಾಗಿಲು ತೆರೆದ ಮೈಸೂರಿನ ಶ್ರೀ ಚಾಮರಾಜೇಂದ್ರ ತಾಂತ್ರಿಕ ಶಾಲೆ ಚಿತ್ರಕಲೆಯ ವ್ಯವಸ್ಥಿತ ತರಬೇತಿಯನ್ನು ಸಂಸ್ಥಾನದಲ್ಲಿ ಒದಗಿಸಿತು.

ದೇಗುಲ: ತುಮಕೂರು ಸೀಮೆಗೆ ತನ್ನದೇ ದೃಶ್ಯಪರಂಪರೆ ಇದೆ. ನಗರದ ಹೊರವಲಯದ ಕೈದಾಳದಲ್ಲಿ 12ನೇ ಶತಮಾನದ ಹೊಯ್ಸಳರ ಕಾಲದ ಚೆನ್ನಕೇಶವ ದೇವಾಲಯವಿದೆ. ಶಿಲ್ಪಿ ಜಕಣಾಚಾರಿಯ ಐತಿಹ್ಯ ಈ ಊರಿನೊಂದಿಗೆ ಬೆಸೆದಿದೆ. ತುಮಕೂರು–ಶಿರಾ ಹೆದ್ದಾರಿಯ ಸೀಬಿಯಲ್ಲಿರುವ ನರಸಿಂಹಸ್ವಾಮಿ ದೇವಾಲಯದ ಮುಖಮಂಟಪದ ಒಳಛಾವಣಿಯಲ್ಲಿ ರಾಮಾಯಣ, ಮಹಾಭಾರತ ಮತ್ತು ಪುರಾಣಪ್ರಸಂಗಗಳ ವರ್ಣಚಿತ್ರಗಳಿವೆ. ಆಸ್ಥಾನದ ದೃಶ್ಯಗಳೂ ಅಲ್ಲಿವೆ. ಸೀಬಿಯ ಚಿತ್ರಗಳಲ್ಲಿ ಕಥೆ ಪಟ್ಟಿಪಟ್ಟಿಯಾಗಿ ಸಾಗುತ್ತದೆ ಮತ್ತು ಆಳದ ಭ್ರಮೆಗೆ ಪ್ರಾಧಾನ್ಯವಿಲ್ಲ. ರಂಗಪರದೆಯಲ್ಲಿ ಇದು ತಿರುವುಮುರುವಾಗುತ್ತದೆ: ಕಥೆಯನ್ನು ನಟ ಹೇಳುತ್ತಾನೆ, ಪರದೆ ಆಳವನ್ನು ಮಾತ್ರ ಕಟ್ಟುತ್ತದೆ. ಒಂದೇ ಪುರಾಣವಸ್ತುವನ್ನು ಎರಡು ಕಾಲದ ಚಿತ್ರಕಾರರು ನಿರ್ವಹಿಸಿದ ಬಗೆಯನ್ನು ಹೋಲಿಸಿ ನೋಡಲು ಸೀಬಿ ಅನುಕೂಲವಾದ ತಾಣ.

ನೆಲ ಮತ್ತು ನೀರು: ಗುಬ್ಬಿಯ ತೆಂಗು ಅಡಿಕೆ ತೋಟಗಳು, ತುಮಕೂರಿನ ಬಳಿಯ ದೇವರಾಯನದುರ್ಗದ ಕಾಡುಗುಡ್ಡ, ಕುಣಿಗಲ್ಲಿನ ದೊಡ್ಡಕೆರೆ, ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ ಮತ್ತು ಹುಲಿಯೂರುದುರ್ಗದ ಬೋಳು ಬಂಡೆಬೆಟ್ಟಗಳು ಈ ಸೀಮೆಯ ಭೂದೃಶ್ಯದ ಮುಖ್ಯ ಲಕ್ಷಣಗಳು. ಹಳ್ಳಿ ಸೀನು, ಕಾಡು ಸೀನು ಮತ್ತು ಕೋಟೆ ಸೀನುಗಳಿಗೆ ಬೇಕಾದ ಮರದ ಆಕಾರ, ಬಂಡೆಯ ಬಣ್ಣ ಮತ್ತು ಕೆರೆಯ ಮೇಲಿನ ಸಂಜೆ ಬೆಳಕು ಇಂಥ ನೆಲದಿಂದಲೇ ದೊರೆಯುತ್ತವೆ. ದೇವಲೋಕ ಮತ್ತು ಅರಮನೆಯ ಸೀನುಗಳಲ್ಲಿ ಚಿತ್ರಕಾರ ಸಂಪ್ರದಾಯಕ್ಕೆ ಬದ್ಧ. ಹಳ್ಳಿ ಮತ್ತು ಕಾಡಿನ ಸೀನುಗಳಲ್ಲಿ ಸ್ವಂತ ಕಣ್ಣಿಗೆ ಹೆಚ್ಚು ಅವಕಾಶವಿರುತ್ತದೆ.

ಸಾಮಗ್ರಿ

ಬಟ್ಟೆ: ಕೋರಾ ಬಟ್ಟೆ, ಮಂಜರಪಾಟು ಅಥವಾ ಡ್ರಿಲ್ ಬಳಕೆಯಲ್ಲಿವೆ. ಮಗ್ಗದ ಅಗಲ ಸಾಲದಿರುವುದರಿಂದ ಹಲವು ಪಟ್ಟಿಗಳನ್ನು ಜೋಡಿಸಿ ಹೊಲಿಯಬೇಕು. ಹೊಲಿಗೆ ಅಡ್ಡಲಾಗಿ ಬಂದರೆ ಬಟ್ಟೆಯ ತೂಕಕ್ಕೆ ಪರದೆ ಬಿಗಿಯಾಗಿ ನಿಲ್ಲುತ್ತದೆ. ಉದ್ದುದ್ದ ಹೊಲಿದರೆ ಸುಕ್ಕು ಮತ್ತು ಅಲೆ ಕಾಣುತ್ತದೆ.

ಅಂಟು: ಪ್ರಾಣಿಜನ್ಯ ಅಂಟಾದ ವಜ್ರ ಇಲ್ಲಿನ ಹಳೆಯ ಪದ್ಧತಿಯಲ್ಲಿ ಮುಖ್ಯ ಬಂಧಕ. ಅದನ್ನು ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸುತ್ತಾರೆ. ನೇರವಾಗಿ ಕುದಿಸಿದರೆ ಅಂಟಿನ ಹಿಡಿತ ಕುಗ್ಗುತ್ತದೆ. ಹುಣಸೆಬೀಜದ ಗಂಜಿ ಮತ್ತು ಗೋಂದು ಭಾರತದ ಬಟ್ಟೆಚಿತ್ರಗಳಲ್ಲಿ ಬಳಕೆಯಿರುವ ಇತರ ಬಂಧಕಗಳು.

ಬಣ್ಣ: ಸೀಮೆಸುಣ್ಣದ ಪುಡಿ ಮತ್ತು ಸಫೇದ ಬಿಳುಪಿಗೆ, ಕಾವಿಮಣ್ಣು ಕೆಂಪಿಗೆ, ಹಳದಿಮಣ್ಣು ಹೊಂಬಣ್ಣಕ್ಕೆ, ಕಾಡಿಗೆ ಕಪ್ಪಿಗೆ, ಪುಡಿನೀಲಿ ಆಕಾಶಕ್ಕೆ. ಕಾರ್ಖಾನೆಯ ಪುಡಿಬಣ್ಣಗಳು ಪೇಟೆಗೆ ಬಂದ ಮೇಲೆ ಬಣ್ಣಗಳ ಆಯ್ಕೆ ವಿಸ್ತಾರವಾಯಿತು. 20ನೇ ಶತಮಾನದ ಉತ್ತರಾರ್ಧದಲ್ಲಿ ಸಿದ್ಧ ಡಿಸ್ಟೆಂಪರ್ ಮತ್ತು ಎಮಲ್ಷನ್ ಬಣ್ಣಗಳು ವಜ್ರದ ಬಣ್ಣದ ಜಾಗವನ್ನು ಆಕ್ರಮಿಸಿದವು. ಪರದೆಗೆ ಎಣ್ಣೆಬಣ್ಣ ಹೊಂದುವುದಿಲ್ಲ. ಅದು ಬಟ್ಟೆಯನ್ನು ಭಾರವಾಗಿಸಿ, ಒಣಗಿದ ಮೇಲೆ ದೀಪಕ್ಕೆ ಹೊಳೆದು, ಸುತ್ತಿದಾಗ ಬಿರುಕು ಬಿಡುತ್ತದೆ.

ರಚನಾಕ್ರಮ

1. ಗೊತ್ತುಪಾಡು: ನಾಟಕಕಾರ, ಕಂಪನಿಯ ಮಾಲೀಕ ಮತ್ತು ಚಿತ್ರಕಾರ ಸೇರಿ ಸೀನುಗಳ ಪಟ್ಟಿ ಮಾಡುತ್ತಾರೆ. ಯಾವುದು ಹೊಸದಾಗಿ ಬರೆಯಬೇಕಾದದ್ದು, ಯಾವುದು ಹಳೆಯ ಸಂಗ್ರಹದಿಂದ ನಡೆಯುವಂಥದ್ದು, ಯಾವುದರ ಹಿಂದೆ ಯಾವುದು ಬೀಳಬೇಕು ಎಂಬುದು ಇಲ್ಲೇ ತೀರ್ಮಾನವಾಗುತ್ತದೆ. ಒಂದು ಪರದೆ ಹಲವು ನಾಟಕಗಳಿಗೆ ಒದಗಬೇಕಾದ್ದರಿಂದ ಯಾವುದೋ ಒಂದು ಕಥೆಗೆ ಮಾತ್ರ ಸಲ್ಲುವ ವಿವರಗಳನ್ನು ಸಾಧ್ಯವಾದಷ್ಟು ಬಿಡಲಾಗುತ್ತದೆ.

2. ನಕ್ಷೆ: ಕಾಗದದ ಮೇಲೆ ಸಣ್ಣ ಅಳತೆಯಲ್ಲಿ ಬಣ್ಣದ ಮಾದರಿ ಬರೆದು ಅದರ ಮೇಲೆ ಚೌಕಳಿ ಹಾಕುತ್ತಾರೆ. ನಕ್ಷೆಯ ಒಂದು ಚೌಕ ಬಟ್ಟೆಯ ಒಂದು ಅಥವಾ ಎರಡು ಅಡಿಗೆ ಸಮ ಎಂಬಂತೆ ಲೆಕ್ಕ.

3. ಬಟ್ಟೆಯ ಸಿದ್ಧತೆ: ಹೊಲಿದ ಬಟ್ಟೆಯನ್ನು ಮರದ ಚೌಕಟ್ಟಿಗೆ ಮೊಳೆ ಹೊಡೆದು ಬಿಗಿಯುತ್ತಾರೆ, ಇಲ್ಲವೇ ನುಣುಪಾದ ನೆಲದ ಮೇಲೆ ಹಾಸುತ್ತಾರೆ. ತೆಳು ವಜ್ರದ ನೀರಿಗೆ ಸೀಮೆಸುಣ್ಣದ ಪುಡಿ ಬೆರೆಸಿ ಬಳಿದಾಗ ನೂಲಿನ ರಂಧ್ರಗಳು ಮುಚ್ಚಿ ಬಟ್ಟೆ ಬಣ್ಣ ಹಿಡಿಯಲು ಸಿದ್ಧವಾಗುತ್ತದೆ. ಈ ಲೇಪ ದಪ್ಪವಾದರೆ ಪರದೆ ಸುತ್ತುವಾಗ ಉದುರುತ್ತದೆ.

4. ಗೆರೆ: ಕಾವಿ ಅಥವಾ ಇದ್ದಿಲ ಪುಡಿ ಸವರಿದ ದಾರವನ್ನು ಎರಡು ತುದಿಯಲ್ಲಿ ಹಿಡಿದು ಮಿಡಿದು ನೇರ ಗೆರೆ ಮೂಡಿಸುತ್ತಾರೆ. ಚೌಕಳಿ, ಕ್ಷಿತಿಜ ಮತ್ತು ಯಥಾದೃಷ್ಟಿಯ ಗೆರೆಗಳೆಲ್ಲ ಹೀಗೆಯೇ ಬರುತ್ತವೆ. ಕಂಬ, ಕಮಾನು, ಬಳ್ಳಿಗಳಂತೆ ಮತ್ತೆ ಮತ್ತೆ ಬರುವ ಆಕೃತಿಗಳಿಗೆ ಗೆರೆಯುದ್ದಕ್ಕೂ ಸಣ್ಣ ತೂತು ಮಾಡಿದ ಕಾಗದವಿಟ್ಟು, ಇದ್ದಿಲ ಪುಡಿಯ ಬಟ್ಟೆಗಂಟಿನಿಂದ ತಟ್ಟಿ ಗುರುತು ಇಳಿಸುತ್ತಾರೆ.

5. ಬಣ್ಣ ತುಂಬುವುದು: ದೂರದಿಂದ ಹತ್ತಿರಕ್ಕೆ ಬರುವುದು ಕ್ರಮ. ಮೊದಲು ಆಕಾಶ, ಬಳಿಕ ದೂರದ ಬೆಟ್ಟ, ನಡುವಿನ ಮರ ಅಥವಾ ಕಟ್ಟಡ, ಕೊನೆಗೆ ಮುನ್ನೆಲೆ. ಆಕಾಶಕ್ಕೆ ಕತ್ತಾಳೆ ನಾರಿನ ಅಗಲ ಕುಂಚ, ವಿವರಗಳಿಗೆ ಕೂದಲ ಕುಂಚ. ವಜ್ರ ಬೆರೆಸಿದ ಬಣ್ಣ ಒಣಗಿದಾಗ ತಿಳಿಯಾಗುತ್ತದೆ. ಹಸಿಯಿದ್ದಾಗ ಕಾಣುವ ಬಣ್ಣವನ್ನು ನಂಬದೆ, ಬಟ್ಟೆಯ ತುಂಡಿನ ಮೇಲೆ ಒಣಗಿಸಿ ನೋಡಿ ಹದ ಮಾಡಬೇಕು. ಒಂದೇ ಆಕಾಶಕ್ಕೆ ಎರಡು ಬಾರಿ ಬೆರೆಸಿದ ಬಣ್ಣ ಬಳಸಿದರೆ ಪಟ್ಟೆ ಕಾಣುವುದರಿಂದ, ಬೇಕಾದಷ್ಟನ್ನೂ ಒಮ್ಮೆಗೇ ಕಲಸಿಕೊಳ್ಳುತ್ತಾರೆ.

6. ದೂರದ ನೋಟ: ಹತ್ತಿರದಿಂದ ಒರಟಾಗಿ ಕಾಣುವ ಕುಂಚದ ಏಟು ಕೊನೆಯ ಸಾಲಿನ ಪ್ರೇಕ್ಷಕನಿಗೆ ಎಲೆ, ನೀರು ಅಥವಾ ಕೆತ್ತನೆಯಾಗಿ ಕಾಣಬೇಕು. ಆದ್ದರಿಂದ ಚಿತ್ರಕಾರ ಆಗಾಗ ಹಿಂದೆ ಸರಿದು ನೋಡುತ್ತಾನೆ. ಬೆಳಕು ಬೀಳುವ ಅಂಚಿಗೆ ಬಿಳಿ ಅಥವಾ ಹೊಂಬಣ್ಣದ ಗೆರೆ, ನೆರಳಿನ ಅಂಚಿಗೆ ಕಡುಕಂದು ಗೆರೆ ಕೊಟ್ಟು ಆಕೃತಿಗಳನ್ನು ಬಿಡಿಸಿ ತೋರಿಸಲಾಗುತ್ತದೆ.

7. ದೀಪದ ಪರೀಕ್ಷೆ: ಹಗಲಿನಲ್ಲಿ ಬರೆದ ಪರದೆಯನ್ನು ರಾತ್ರಿಯ ದೀಪದಲ್ಲಿ ನೋಡಿ ತಿದ್ದುವುದು ಕೊನೆಯ ಹಂತ. ಎಣ್ಣೆದೀಪದ ಹಳದಿ ಬೆಳಕಿನಲ್ಲಿ ನೀಲಿ ಮಂಕಾಗುತ್ತದೆ, ತಿಳಿಹಳದಿ ಮತ್ತು ಬಿಳಿ ಬೇರ್ಪಡದೆ ಒಂದೇ ಆಗಿ ಕಾಣುತ್ತವೆ. ಇದನ್ನು ಸರಿದೂಗಿಸಲು ನೀಲಿಯನ್ನು ಗಾಢವಾಗಿ ಬಳಸುವ ಪದ್ಧತಿ ಬಂತು. ವಿದ್ಯುತ್ ದೀಪ ಬಂದ ಮೇಲೆ ಹಳೆಯ ಪರದೆಗಳ ಬಣ್ಣ ಕಣ್ಣಿಗೆ ಹೊಡೆಯುವಂತೆ ಕಾಣಲು ಇದೂ ಒಂದು ಕಾರಣ.

8. ಕಟ್ಟುವುದು: ಮೇಲಂಚಿಗೆ ಮರದ ಪಟ್ಟಿ, ಕೆಳಗಂಚಿಗೆ ಬಿದಿರಿನ ಅಥವಾ ಮರದ ದುಂಡು ಗಳ ಜೋಡಿಸಿ, ರಾಟೆಯ ಮೂಲಕ ಹಗ್ಗ ಹಾಯಿಸುತ್ತಾರೆ. ಹಗ್ಗ ಎಳೆದಾಗ ಪರದೆ ಕೆಳಗಿನಿಂದ ಸುರುಳಿ ಸುತ್ತಿಕೊಂಡು ಮೇಲೇರುತ್ತದೆ. ರಂಗದ ಮೇಲೆ ಎತ್ತರದ ಗೋಪುರವಿಲ್ಲದ ತಾತ್ಕಾಲಿಕ ನಾಟಕ ಮಂದಿರಗಳಿಗೆ ಈ ಸುರುಳಿ ವ್ಯವಸ್ಥೆಯೇ ಸೂಕ್ತ.

ಯಥಾದೃಷ್ಟಿ ಮತ್ತು ನಟನ ಗಾತ್ರ

ಪರದೆಯ ಯಥಾದೃಷ್ಟಿಗೆ ಒಂದು ಮಿತಿಯಿದೆ. ದೂರ ಸರಿದಂತೆ ಚಿತ್ರದ ಬಾಗಿಲು, ಕಂಬಗಳು ಕಿರಿದಾಗುತ್ತವೆ, ನಟ ಕಿರಿದಾಗುವುದಿಲ್ಲ. ಅವನು ಪರದೆಯ ಸಮೀಪ ಹೋದರೆ ಅರಮನೆಯ ಬಾಗಿಲಿಗಿಂತ ಎತ್ತರವಾಗಿ ಕಾಣುತ್ತಾನೆ. ಇದನ್ನು ತಪ್ಪಿಸಲು ಮೂರು ಉಪಾಯಗಳಿವೆ: ಗೆರೆಗಳು ಕೂಡುವ ಬಿಂದುವನ್ನು ನಟನ ಕಣ್ಣಿನ ಎತ್ತರಕ್ಕೆ ಇಡುವುದು, ಪರದೆಯ ಕೆಳಭಾಗದಲ್ಲಿ ಮೆಟ್ಟಿಲು, ಕಟಕಟೆ ಅಥವಾ ಪೊದೆಗಳನ್ನು ಬರೆದು ಆಳವನ್ನು ಹಿಂದಕ್ಕೆ ತಳ್ಳುವುದು, ನಟರ ಸಂಚಾರವನ್ನು ರಂಗದ ಮುಂಭಾಗಕ್ಕೆ ಸೀಮಿತಗೊಳಿಸುವುದು. ಕಂಪನಿ ನಾಟಕದ ನಟರು ಮುಂದೆ ಬಂದು ಪ್ರೇಕ್ಷಕರಿಗೆ ಎದುರಾಗಿ ಹಾಡುವ ಪದ್ಧತಿಗೆ ಈ ವ್ಯವಸ್ಥೆ ಚೆನ್ನಾಗಿ ಹೊಂದಿತು.

ಪ್ರಕಾರಗಳು

ಅಂಕದ ಪರದೆ: ದೇವತಾಚಿತ್ರ, ಕಂಪನಿಯ ಹೆಸರು ಅಥವಾ ಅಲಂಕಾರದ ನೆರಿಗೆಬಟ್ಟೆಯ ಚಿತ್ರವಿರುತ್ತದೆ. ಇದು ಕಂಪನಿಯ ಗುರುತು.

ಬೀದಿ ಸೀನು: ಎರಡು ಬದಿಗೆ ಮನೆ, ಅಂಗಡಿಗಳಿರುವ ಬೀದಿ. ರಂಗದ ಮುಂಭಾಗದಲ್ಲೇ ಬೀಳುತ್ತದೆ. ಇದರ ಮುಂದೆ ಹಾಸ್ಯದ ದೃಶ್ಯ ನಡೆಯುವಾಗ ಹಿಂದೆ ದರ್ಬಾರು ಅಥವಾ ಕಾಡಿನ ಸಜ್ಜು ಕಟ್ಟಲಾಗುತ್ತದೆ. ಕಂಪನಿ ನಾಟಕದಲ್ಲಿ ಹಾಸ್ಯ ಪ್ರಸಂಗಗಳು ಮುಖ್ಯ ಕಥೆಯ ನಡುನಡುವೆ ಹೆಣೆದುಕೊಳ್ಳಲು ಈ ಅಗತ್ಯವೂ ನೆರವಾಯಿತು.

ದರ್ಬಾರು ಸೀನು: ಕಂಬಸಾಲು, ಕಮಾನು, ಸಿಂಹಾಸನದ ಹಿನ್ನೆಲೆ. ಪೌರಾಣಿಕ ಮತ್ತು ಐತಿಹಾಸಿಕ ನಾಟಕಗಳೆರಡಕ್ಕೂ ಬಳಕೆ.

ಕಾಡು, ಉದ್ಯಾನ, ನದಿ, ಸಮುದ್ರ, ಸ್ಮಶಾನದ ಸೀನುಗಳು: ಪ್ರಕೃತಿದೃಶ್ಯಗಳ ಈ ಗುಂಪು ಭಾವಸೂಚಕವೂ ಹೌದು. ಉದ್ಯಾನ ಶೃಂಗಾರಕ್ಕೆ, ಕಾಡು ವಿರಹ ಅಥವಾ ವನವಾಸಕ್ಕೆ, ಸ್ಮಶಾನ ಹರಿಶ್ಚಂದ್ರನ ಕಥೆಯ ಕರುಣಕ್ಕೆ.

ಕೈಲಾಸ, ವೈಕುಂಠದ ಸೀನುಗಳು: ಮೋಡ, ಹಿಮಗಿರಿ, ಆದಿಶೇಷ ಮತ್ತು ಪ್ರಭಾವಳಿಗಳಿರುವ ದೇವಲೋಕದ ದೃಶ್ಯಗಳು.

ಕತ್ತರಿಸಿದ ಪರದೆ: ಮರದ ಕೊಂಬೆ ಅಥವಾ ಕಮಾನಿನ ಆಕಾರಕ್ಕೆ ಬಟ್ಟೆ ಕತ್ತರಿಸಿ, ಬಿಡುವಿನಲ್ಲಿ ಬಲೆಬಟ್ಟೆ ಅಂಟಿಸಿರುತ್ತಾರೆ. ಇಂಥ ಎರಡು ಮೂರು ಪರದೆಗಳನ್ನು ಒಂದರ ಹಿಂದೆ ಒಂದು ಬಿಟ್ಟಾಗ ನಿಜವಾದ ಆಳ ಸಿಗುತ್ತದೆ.

ಟ್ರಿಕ್ ಸೀನು: ತಟ್ಟನೆ ಬದಲಾಗುವ ದೃಶ್ಯ. ಮಡಿಸಿದ ಭಾಗ ಬಿಚ್ಚಿಕೊಂಡು ಕಾಡು ಅರಮನೆಯಾಗುವುದು, ತೆಳುಬಟ್ಟೆಯ ಹಿಂದೆ ದೀಪ ಹತ್ತಿದಾಗ ದೇವರು ಪ್ರತ್ಯಕ್ಷನಾಗುವುದು ಇದರ ಬಗೆಗಳು. ಮುಂದಿನಿಂದ ಬೆಳಕು ಬಿದ್ದಾಗ ತೆಳುಬಟ್ಟೆಯ ಮೇಲಿನ ಚಿತ್ರ ಕಾಣುತ್ತದೆ. ಮುಂದಿನ ಬೆಳಕು ಆರಿ ಹಿಂದಿನದು ಹತ್ತಿದಾಗ ಬಟ್ಟೆ ಪಾರದರ್ಶಕವಾಗುತ್ತದೆ. ದಶಾವತಾರದಂಥ ನಾಟಕಗಳಲ್ಲಿ ಇವುಗಳಿಗೆ ವಿಶೇಷ ಸ್ಥಾನ.

ವೃತ್ತಿ ಮತ್ತು ಕಲಿಕೆ

ದೊಡ್ಡ ಪರದೆ ಒಬ್ಬರ ಕೆಲಸವಲ್ಲ. ಮುಖ್ಯ ಚಿತ್ರಕಾರ ನಕ್ಷೆ, ಗೆರೆ, ಮುಖ್ಯ ಆಕೃತಿ ಮತ್ತು ಕೊನೆಯ ತಿದ್ದುಪಡಿ ನೋಡಿಕೊಂಡರೆ, ಬಟ್ಟೆ ಬಿಗಿಯುವುದು, ವಜ್ರ ಕಾಯಿಸುವುದು, ಬಣ್ಣ ಅರೆಯುವುದು, ಬಯಲುಭಾಗ ತುಂಬುವುದು ಸಹಾಯಕರ ಪಾಲು. ಕಲಿಕೆ ಈ ಸಹ-ದುಡಿಮೆಯಲ್ಲೇ ನಡೆಯುತ್ತದೆ. ಕಂಪನಿ ಊರೂರು ತಿರುಗುವಾಗ ಮಳೆ, ಧೂಳು ಮತ್ತು ಮಡಿಕೆಗಳಿಂದ ಹಾಳಾದ ಪರದೆಗಳನ್ನು ದುರಸ್ತಿ ಮಾಡುವುದು ಚಿತ್ರಕಾರನ ನಿತ್ಯದ ಕೆಲಸ. ನಾಟಕದ ಭಿತ್ತಿಪತ್ರ, ಊರಿನ ಪ್ರಚಾರ ಫಲಕ, ಕಿರೀಟ ಮತ್ತು ಆಯುಧಗಳ ಬಣ್ಣವೂ ಅವನ ಪಾಲಿಗೇ ಬರುತ್ತವೆ. ಪರದೆಯ ಮೇಲೆ ಹೆಸರು ಬರೆಯುವ ಪದ್ಧತಿ ವಿರಳ. ಬರೆದದ್ದೂ ಪುನಃ ಬಣ್ಣ ಬಳಿಯುವಾಗ ಅಳಿಸಿಹೋಗುತ್ತದೆ. ಆದ್ದರಿಂದ ನಾಟಕಕಾರರು ಮತ್ತು ನಟರ ಹೆಸರು ಉಳಿದಂತೆ ಚಿತ್ರಕಾರರ ಹೆಸರುಗಳು ರಂಗಭೂಮಿಯ ಇತಿಹಾಸದಲ್ಲಿ ದಾಖಲಾಗಿಲ್ಲ.

ಇತರ ಕಲೆಗಳ ಮೇಲೆ ಪ್ರಭಾವ

ಕನ್ನಡ ಚಲನಚಿತ್ರದ ಮೊದಲ ತಲೆಮಾರು ಕಂಪನಿ ನಾಟಕದಿಂದ ಬಂದದ್ದು. ವೀರಣ್ಣನವರು ತೊಡಗಿಕೊಂಡ ‘ಸದಾರಮೆ’ (1935), ‘ಜೀವನ ನಾಟಕ’ (1942), ‘ಹೇಮರೆಡ್ಡಿ ಮಲ್ಲಮ್ಮ’ (1945) ಮತ್ತು ‘ಬೇಡರ ಕಣ್ಣಪ್ಪ’ (1954) ಚಿತ್ರಗಳಲ್ಲಿ ಕಥೆ ಮತ್ತು ನಟರೊಂದಿಗೆ ದೃಶ್ಯಕಲ್ಪನೆಯೂ ರಂಗಭೂಮಿಗೆ ಋಣಿಯಾಗಿದೆ. ರಾಜ್‌ಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್ ಮತ್ತು ಬಿ. ವಿ. ಕಾರಂತರು ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಸ್ಟುಡಿಯೋಗಳಲ್ಲಿ ಆಕಾಶ, ಅರಮನೆ, ದೂರದ ಬೆಟ್ಟಗಳಿಗೆ ಚಿತ್ರಿತ ಬಟ್ಟೆಯನ್ನೇ ಬಳಸಲಾಗುತ್ತಿತ್ತು. ಛಾಯಾಚಿತ್ರ ಅಂಗಡಿಗಳ ಹಿನ್ನೆಲೆ ಪರದೆ, ಸಿನಿಮಾ ಮಂದಿರದ ಮುಂದಿನ ದೊಡ್ಡ ಫಲಕ ಮತ್ತು ಗಣೇಶೋತ್ಸವದ ಮಂಟಪ ಸಜ್ಜಿಕೆಗಳಲ್ಲಿಯೂ ಇದೇ ಕೌಶಲ ಬಳಕೆಯಾಯಿತು.

ಇಳಿಮುಖ

20ನೇ ಶತಮಾನದ ಉತ್ತರಾರ್ಧದಲ್ಲಿ ಮೂರು ಬದಲಾವಣೆಗಳು ಈ ಕಲೆಯನ್ನು ಹಿಂದಕ್ಕೆ ಸರಿಸಿದವು. ಚಲನಚಿತ್ರ ಪ್ರೇಕ್ಷಕರನ್ನು ಸೆಳೆದುಕೊಂಡಿದ್ದರಿಂದ ಕಂಪನಿಗಳ ವರಮಾನ ಕುಸಿಯಿತು. 1970ರ ದಶಕದಿಂದ ಬಲಗೊಂಡ ಹವ್ಯಾಸಿ ರಂಗಭೂಮಿ ಚಿತ್ರಿತ ಪರದೆಯನ್ನು ಬಿಟ್ಟು ಬಯಲು ರಂಗ, ಹಂತಗಳು ಮತ್ತು ಬೆಳಕಿನ ವಿನ್ಯಾಸವನ್ನು ಆಯ್ದುಕೊಂಡಿತು. 21ನೇ ಶತಮಾನದ ಆರಂಭದಲ್ಲಿ ಗಣಕಯಂತ್ರದಲ್ಲಿ ಮುದ್ರಿಸುವ ಫ್ಲೆಕ್ಸ್ ಕಡಿಮೆ ದರದಲ್ಲಿ, ಕೆಲವೇ ಗಂಟೆಗಳಲ್ಲಿ ದೊಡ್ಡ ಚಿತ್ರ ಕೊಡತೊಡಗಿದ್ದರಿಂದ ಫಲಕ ಬರೆಯುವವರೂ ಪರದೆ ಬರೆಯುವವರೂ ಒಟ್ಟಿಗೇ ಕೆಲಸ ಕಳೆದುಕೊಂಡರು. ಫ್ಲೆಕ್ಸ್‌ನ ಮೇಲ್ಮೈ ದೀಪಕ್ಕೆ ಹೊಳೆಯುತ್ತದೆ, ಅದರ ಛಾಯಾಚಿತ್ರದಂಥ ವಿವರ ನಟನೊಂದಿಗೆ ಪೈಪೋಟಿಗಿಳಿಯುತ್ತದೆ. ಕೈಯಿಂದ ಬರೆದ ಪರದೆಗೆ ಈ ಎರಡು ತೊಡಕುಗಳಿಲ್ಲ.

ಇಂದಿನ ಸ್ಥಿತಿ

ತುಮಕೂರು, ಗುಬ್ಬಿ ಮತ್ತು ಕುಣಿಗಲ್ ಭಾಗದ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಸಂಪ್ರದಾಯ ಜೀವಂತವಾಗಿದೆ. ಸುಗ್ಗಿಯ ನಂತರದ ತಿಂಗಳುಗಳಲ್ಲಿ, ಊರಹಬ್ಬ ಮತ್ತು ಜಾತ್ರೆಗಳ ಸಮಯದಲ್ಲಿ ಗ್ರಾಮಸ್ಥರೇ ಪಾತ್ರ ಹಂಚಿಕೊಂಡು, ಹಾರ್ಮೋನಿಯಂ ಮೇಷ್ಟ್ರ ಬಳಿ ತಿಂಗಳುಗಟ್ಟಲೆ ಕಲಿತು ‘ಕುರುಕ್ಷೇತ್ರ’ದಂಥ ನಾಟಕಗಳನ್ನು ರಾತ್ರಿಯಿಡೀ ಆಡುತ್ತಾರೆ. ಪರದೆ, ಸೈಡ್‌ವಿಂಗ್, ಸಿಂಹಾಸನ, ದೀಪ ಮತ್ತು ವೇಷಭೂಷಣಗಳನ್ನು ಬಾಡಿಗೆಗೆ ಕೊಡುವ ಸೀನರಿ ಮಾಲೀಕರು ಈ ಪ್ರದರ್ಶನಗಳ ಆಧಾರ. ವೃತ್ತಿ ಕಂಪನಿಗಳು ಕಡಿಮೆಯಾದ ಮೇಲೆ ಪರದೆಗೆ ಉಳಿದಿರುವ ಮುಖ್ಯ ಬೇಡಿಕೆ ಇವರದೇ. ಇವರ ಸಂಗ್ರಹಗಳಲ್ಲಿ ಕೈಯಿಂದ ಬರೆದ ಪರದೆಗಳ ಜೊತೆ ಮುದ್ರಿತ ಪರದೆಗಳೂ ಸೇರಿವೆ.

ತುಮಕೂರು ನಗರದ ಗುಬ್ಬಿ ವೀರಣ್ಣ ಕಲಾಕ್ಷೇತ್ರ ಜಿಲ್ಲೆಯ ರಂಗಚಟುವಟಿಕೆಗಳ ಕೇಂದ್ರಗಳಲ್ಲಿ ಒಂದು. ರಾಜ್ಯ ಸರ್ಕಾರ ವೃತ್ತಿರಂಗಭೂಮಿಯ ಸಾಧಕರಿಗೆ ಗುಬ್ಬಿ ವೀರಣ್ಣನವರ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತದೆ. ವೀರಣ್ಣನವರ ಮೊಮ್ಮಗಳು, ರಂಗಕರ್ಮಿ ಬಿ. ಜಯಶ್ರೀ ಅವರು ಕಂಪನಿ ಪರಂಪರೆಯ ನಾಟಕಗಳನ್ನು ಹೊಸ ತಲೆಮಾರಿನ ಪ್ರೇಕ್ಷಕರಿಗೆ ತಲುಪಿಸಿದ್ದಾರೆ.

ಸಂರಕ್ಷಣೆ

ವಜ್ರದ ಬಣ್ಣ ನೀರಿನಲ್ಲಿ ಕರಗುವಂಥದ್ದು. ಆದ್ದರಿಂದ ಹಳೆಯ ಪರದೆಯನ್ನು ಒದ್ದೆಬಟ್ಟೆಯಿಂದ ಒರೆಸುವುದಾಗಲೀ ತೊಳೆಯುವುದಾಗಲೀ ಚಿತ್ರವನ್ನೇ ಅಳಿಸುತ್ತದೆ. ಮೃದು ಕುಂಚದಿಂದ ಧೂಳು ತೆಗೆಯುವುದು ಸುರಕ್ಷಿತ ಕ್ರಮ. ಪ್ರಾಣಿಜನ್ಯ ಅಂಟು ಮತ್ತು ಗಂಜಿ ಹುಳ, ಜಿರಳೆ ಮತ್ತು ಇಲಿಗಳನ್ನು ಸೆಳೆಯುತ್ತವೆ. ತೇವದಲ್ಲಿ ಬೂಸಲು ಹಿಡಿಯುತ್ತದೆ. ಮಡಿಸಿಟ್ಟ ಪರದೆ ಮಡಿಕೆಯ ಗೆರೆಯಲ್ಲಿ ಬಣ್ಣ ಕಳೆದುಕೊಂಡು ಕ್ರಮೇಣ ಹರಿಯುತ್ತದೆ. ಅಗಲವಾದ ದುಂಡು ಕೊಳವೆಗೆ ಚಿತ್ರದ ಮುಖ ಹೊರಬರುವಂತೆ ಸುತ್ತಿ, ನಡುವೆ ತೆಳು ಬಟ್ಟೆ ಹಾಕಿ, ಗಾಳಿಯಾಡುವ ಒಣ ಜಾಗದಲ್ಲಿ ಇಡುವುದು ಒಪ್ಪಿತ ವಿಧಾನ.

ಪರದೆಗಳನ್ನು ಕಲಾಕೃತಿ ಎನ್ನುವುದಕ್ಕಿಂತ ಬಳಸಿ ಬದಲಿಸುವ ಸಾಮಾನು ಎಂದೇ ಕಂಡದ್ದರಿಂದ, ಹಳತಾದವು ಸುಣ್ಣ ಬಳಿಸಿಕೊಂಡು ಹೊಸ ಚಿತ್ರಕ್ಕೆ ಬಟ್ಟೆಯಾದವು, ಇಲ್ಲವೇ ಹರಿದುಹೋದವು. ಉಳಿದಿರುವವುಗಳ ಅಳತೆ, ಬಟ್ಟೆ, ಬಣ್ಣ, ಬಳಕೆಯಾದ ನಾಟಕ ಮತ್ತು ಬರೆದವರ ಹೆಸರನ್ನು ಸೀನರಿ ಮಾಲೀಕರು ಹಾಗೂ ಹಿರಿಯ ಚಿತ್ರಕಾರರಿಂದ ಕೇಳಿ ದಾಖಲಿಸುವುದು, ಹಗಲಿನ ಬೆಳಕಿನಲ್ಲಿಯೂ ರಂಗದ ದೀಪದಲ್ಲಿಯೂ ಛಾಯಾಚಿತ್ರ ತೆಗೆಯುವುದು ಈ ಕಲೆಯ ಅಧ್ಯಯನಕ್ಕೆ ಅಗತ್ಯವಾದ ಮೊದಲ ಕೆಲಸ. ಗುಬ್ಬಿ–ತುಮಕೂರು ಸೀಮೆಯಲ್ಲಿ ಪರದೆಗಳು ಇನ್ನೂ ಬಳಕೆಯಲ್ಲಿರುವುದರಿಂದ, ಬರೆಯುವ ವಿಧಾನವನ್ನೂ ರಂಗದ ಮೇಲಿನ ಅದರ ಪರಿಣಾಮವನ್ನೂ ಒಟ್ಟಿಗೇ ದಾಖಲಿಸಲು ಇಲ್ಲಿ ಅವಕಾಶವಿದೆ.